ಊರಿನ ಅಂಗನವಾಡಿ: ದಾಖಲಾತಿ, ಸಿಬ್ಬಂದಿ, ಹಣ – ಯಾವುದಕ್ಕೆ ಯಾರ ಬಾಗಿಲು ತಟ್ಟಬೇಕು?

"ನಮ್ಮೂರ ಅಂಗನವಾಡಿಗೆ ಮಕ್ಕಳೇ ಬರ್ತಿಲ್ಲ, ಮುಚ್ಚಿಬಿಡ್ತಾರಂತೆ, ನಿಜಾನಾ?" "ಸಹಾಯಕಿ ಹುದ್ದೆ ಖಾಲಿ ಬಿದ್ದು ವರ್ಷ ಆಯ್ತು, ಯಾರಿಗೆ ಹೇಳೋದು?" "ತರಕಾರಿ ದುಡ್ಡು ಟೀಚರ್ ಕೈಯಿಂದ ಹಾಕ್ತಿದ್ದಾರೆ, ಸರ್ಕಾರ ಕೊಡಲ್ವಾ?"

ತಿರುಗಾಮುರುಗಾ ಬರುವ ಪ್ರಶ್ನೆಗಳು ಈ ಮೂರೇ. ಮೂರಕ್ಕೂ ಉತ್ತರ ಬೇರೆ ಬೇರೆ ಕಡೆ ಇದೆ. ಆದರೆ ಜನ ಮೂರನ್ನೂ ತೆಗೆದುಕೊಂಡು ಹೋಗಿ ಟೀಚರ್ ಮುಂದೆ ಸುರಿಯುತ್ತಾರೆ. ಖಾಲಿ ಹುದ್ದೆ ತುಂಬುವುದು ಅವರ ಕೈಯಲ್ಲಿಲ್ಲ. ಹಣ ಬಿಡುಗಡೆ ಮಾಡುವುದಂತೂ ಇಲ್ಲವೇ ಇಲ್ಲ. ಅವರ ಕೈಯಲ್ಲಿರುವುದು ಒಂದೇ, ದಾಖಲಾತಿ. ಮಿಕ್ಕ ಎರಡೂ ಈ ಒಂದರ ಮೇಲೆಯೇ ನಿಂತಿವೆ. ಹಾಗಾಗಿ ನಾವೂ ಅಲ್ಲಿಂದಲೇ ಶುರು ಮಾಡೋಣ.

ನಾನು ಇಲಾಖೆಯವನಲ್ಲ. ನಾಲ್ಕು ವರ್ಷ ನಮ್ಮೂರಿನ ಬಾಲ ವಿಕಾಸ ಸಮಿತಿಯಲ್ಲಿದ್ದ (ಅಂಗನವಾಡಿಯನ್ನು ನೋಡಿಕೊಳ್ಳುವ ಊರವರ ಸಮಿತಿ) ಒಬ್ಬ ಅಪ್ಪ, ಅಷ್ಟೇ.

ಮೊದಲು ಕೆಲವು ಪದಗಳು

ಕಚೇರಿಗೆ ಹೋದರೆ ಈ ಪದಗಳು ಕಿವಿಗೆ ಬೀಳುತ್ತವೆ. ಗೊತ್ತಿಲ್ಲದಿದ್ದರೆ ಅರ್ಧ ಮಾತು ತಲೆಗೇ ಹೋಗುವುದಿಲ್ಲ.

ಕಾರ್ಯಕರ್ತೆ ಎಂದರೆ ನಾವು ಟೀಚರ್ ಎನ್ನುವವರು. ಸಹಾಯಕಿ ಎಂದರೆ ನಾವು ಆಯಾ ಎನ್ನುವವರು. ಮೇಲ್ವಿಚಾರಕಿ ಎಂದರೆ ಸೂಪರ್‌ವೈಸರ್. ಒಬ್ಬರ ಕೆಳಗೆ 17ರಿಂದ 25 ಕೇಂದ್ರಗಳಿರುತ್ತವೆ. ಸಿಡಿಪಿಒ ಎಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿ, ಸಾಮಾನ್ಯವಾಗಿ ತಾಲ್ಲೂಕು ಮಟ್ಟದಲ್ಲಿ ಕೂರುವವರು. ಅವರ ಮೇಲೆ ಜಿಲ್ಲೆಯಲ್ಲಿ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಇಲಾಖೆಯ ಉಪನಿರ್ದೇಶಕರು. ಬಾಯಿಮಾತಿನಲ್ಲಿ ಅವರು ಡಿಡಿ.

ಐಸಿಡಿಎಸ್ ಎಂಬುದು ಈ ಇಡೀ ಯೋಜನೆಯ ಹಳೆಯ ಹೆಸರು. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಇದು ಶುರುವಾದಾಗ ನಮ್ಮ ರಾಜ್ಯದಲ್ಲಿ ಮೊದಲು ಸಿಕ್ಕಿದ್ದು ತಿ. ನರಸೀಪುರಕ್ಕೆ. ಈಗ ಕೇಂದ್ರ ಸರ್ಕಾರ ಇದನ್ನು 'ಸಕ್ಷಮ ಅಂಗನವಾಡಿ ಮತ್ತು ಪೋಷಣ್ 2.0' ಎಂದು ಕರೆಯುತ್ತದೆ. ಪತ್ರಗಳಲ್ಲಿ ಎರಡೂ ಹೆಸರು ಕಾಣುತ್ತವೆ. ಬೇರೆ ಬೇರೆ ಯೋಜನೆ ಅಂದುಕೊಂಡು ತಲೆ ಕೆಡಿಸಿಕೊಳ್ಳಬೇಡಿ.

ಪೋಷಣ್ ಟ್ರ್ಯಾಕರ್ ಎಂದರೆ ಟೀಚರ್ ಫೋನಿನಲ್ಲಿರುವ ಆ್ಯಪ್. 2021ರಿಂದ ಮಕ್ಕಳ ಹೆಸರು, ಹಾಜರಿ, ತೂಕ, ಎತ್ತರ ಎಲ್ಲವೂ ಅದರೊಳಗೆ ಹೋಗುತ್ತಿದೆ. ಮೇಲಿನವರು ನೋಡುವುದು ಅದನ್ನೇ. ಟೀಚರ್ ಬರೆದಿಟ್ಟ ಪುಸ್ತಕವನ್ನು ನೋಡುವವರು ಕಡಿಮೆ.

ಹಂತ 1: ನಿಮ್ಮ ಕೇಂದ್ರದ ನಿಜವಾದ ಲೆಕ್ಕ ತಿಳಿಯಿರಿ

"ಎಂಟೇ ಮಕ್ಕಳು ಇದ್ದಾರೆ, ಮುಚ್ಚುತ್ತಾರೆ" ಎಂದು ಗಾಬರಿಯಾಗುವ ಮುಂಚೆ ಎರಡು ಸಂಗತಿ ನೋಡಿ.

ಒಂದು, ಅಂಗನವಾಡಿ ಮಂಜೂರಾಗುವುದು ಚಾಪೆಯ ಮೇಲೆ ಕೂತ ಮಕ್ಕಳ ತಲೆ ಎಣಿಸಿ ಅಲ್ಲ, ಊರಿನ ಜನಸಂಖ್ಯೆ ನೋಡಿ. ಸಾಮಾನ್ಯವಾಗಿ 400ರಿಂದ 800 ಜನಕ್ಕೆ ಒಂದು ಕೇಂದ್ರ. 800ರಿಂದ 1,600 ಆದರೆ ಎರಡು. 150ರಿಂದ 400 ಜನರ ಚಿಕ್ಕ ಹಾಡಿ, ತಾಂಡಾ, ದೊಡ್ಡಿಗಳಿಗೆ ಮಿನಿ ಅಂಗನವಾಡಿ. ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶಕ್ಕೆ 300 ಜನವಿದ್ದರೂ ಪೂರ್ಣ ಕೇಂದ್ರ ಸಿಗುತ್ತದೆ.

ಎರಡು, ಬೆಳಿಗ್ಗೆ ಕಾಣುವುದು 3ರಿಂದ 6 ವರ್ಷದವರು ಮಾತ್ರ. ಅದೇ ಕೇಂದ್ರದ ಲೆಕ್ಕದಲ್ಲಿ 6 ತಿಂಗಳಿಂದ 3 ವರ್ಷದ ಕೂಸುಗಳೂ ಇರುತ್ತವೆ, ಬಸುರಿಯರೂ ಬಾಣಂತಿಯರೂ ಇರುತ್ತಾರೆ. ಕೂಸುಗಳ ಪಾಲಿನ ಆಹಾರ ಮನೆಗೆ ಹೋಗುತ್ತದೆ. ಅದನ್ನು ಟಿಎಚ್‌ಆರ್ ಎನ್ನುತ್ತಾರೆ, ಅಂದರೆ ಮನೆಗೆ ಒಯ್ಯುವ ಪಡಿತರ. ಚಾಪೆಯ ಮೇಲೆ ಎಂಟು ಜನ ಕೂತಿದ್ದರೂ ಪಟ್ಟಿಯಲ್ಲಿ ನಲವತ್ತು ಹೆಸರಿರಬಹುದು. ಅದು ಕಳ್ಳ ಲೆಕ್ಕವೇನಲ್ಲ.

ಹಾಗಾದರೆ ಕಳ್ಳ ಲೆಕ್ಕ ಗೊತ್ತಾಗುವುದು ಹೇಗೆ? ಸುಲಭ. ಹನ್ನೊಂದು ಗಂಟೆ ಹೊತ್ತಿಗೆ ಹೋಗಿ ಬಾಗಿಲ ಹೊರಗೆ ಬಿಟ್ಟಿರುವ ಪುಟ್ಟ ಚಪ್ಪಲಿಗಳನ್ನು ಎಣಿಸಿ. ಬರಿಗಾಲಲ್ಲಿ ಬಂದ ಒಂದಿಬ್ಬರನ್ನು ಸೇರಿಸಿಕೊಳ್ಳಿ. ಬೇರೆ ಬೇರೆ ವಾರ ಮೂರು ದಿನ ಹೀಗೆ ಮಾಡಿ. ಅದು ನಿಮ್ಮ ಕೇಂದ್ರದ ನಿಜವಾದ ಹಾಜರಿ. ಸೋಮವಾರ, ಸಂತೆ ದಿನ, ಹಬ್ಬದ ಮಾರನೇ ದಿನ ಲೆಕ್ಕಕ್ಕೆ ಬೇಡ.

ನಿಮ್ಮ ಕೇರಿಯಲ್ಲಿ ಅಂಗನವಾಡಿಯೇ ಇಲ್ಲ ಅಂತಾದರೆ ಸುಪ್ರೀಂ ಕೋರ್ಟಿನ 2006ರ ಡಿಸೆಂಬರ್ 13ರ ಆದೇಶ ನೆನಪಿಟ್ಟುಕೊಳ್ಳಿ. ಒಂದು ವಸತಿ ಪ್ರದೇಶದಲ್ಲಿ ಆರು ವರ್ಷದೊಳಗಿನ 40 ಮಕ್ಕಳಿದ್ದು ಅಂಗನವಾಡಿ ಇಲ್ಲದಿದ್ದರೆ, ಅಲ್ಲಿನ ಜನ ಕೇಳಿದ ಮೂರು ತಿಂಗಳೊಳಗೆ ಕೊಡಬೇಕು ಎಂದು ಅದು ಹೇಳಿದೆ. ಹಳ್ಳಿಗೂ ಅನ್ವಯ, ನಗರದ ಕೊಳೆಗೇರಿಗೂ ಅನ್ವಯ. ಮನವಿಯ ಜೊತೆ ಆ 40 ಮಕ್ಕಳ ಹೆಸರು, ವಯಸ್ಸು, ಅಪ್ಪ ಅಮ್ಮನ ಹೆಸರು ಬರೆದ ಪಟ್ಟಿ ಇರಲೇಬೇಕು. "ಸುಮಾರು 50 ಮಕ್ಕಳಿದ್ದಾರೆ" ಎಂದು ಬರೆದರೆ ಕಡತ ಅಲ್ಲೇ ಮಲಗುತ್ತದೆ.

ಹಂತ 2: ದಾಖಲಾತಿ

ಕಾಗದ ಬೇಕಾಗುವುದು ಕಡಿಮೆ. ತಾಯಿಯ ಆಧಾರ್, ತಾಯಿ ಕಾರ್ಡ್ (ಬಸುರಿಯಾದಾಗ ಆರೋಗ್ಯ ಇಲಾಖೆ ಕೊಡುವ ಪುಸ್ತಕ, ಲಸಿಕೆ ವಿವರವೂ ಅದರಲ್ಲೇ ಇರುತ್ತದೆ), ಮಗುವಿನ ಜನನ ಪ್ರಮಾಣಪತ್ರ, ಒಂದು ಮೊಬೈಲ್ ನಂಬರ್. ಶುಲ್ಕ ಒಂದು ಪೈಸೆಯೂ ಇಲ್ಲ. ಯಾರಾದರೂ ಕೇಳಿದರೆ ಕೊಡಬೇಡಿ. ಶಾಲೆಯ ಹಾಗೆ ಜೂನ್‌ಗೆ ಕಾಯಬೇಕಾಗಿಯೂ ಇಲ್ಲ. ಮಗುವಿಗೆ ಮೂರು ತುಂಬಿದ ತಿಂಗಳೇ ಕಳಿಸಬಹುದು.

ಇಷ್ಟು ಸುಲಭವಾದರೆ ಜನ ಎಡವುವುದು ಎಲ್ಲಿ? ನಾನು ಕಂಡ ಹಾಗೆ ಐದು ಕಡೆ.

ತವರಿನ ಹೆಸರು. ಇದು ಎಲ್ಲಕ್ಕಿಂತ ದೊಡ್ಡದು. ಮೊದಲ ಹೆರಿಗೆ ತವರಲ್ಲಿ ಆಗುತ್ತದೆ. ಬಸುರಿಯಾಗಿದ್ದಾಗಲೇ ಅಲ್ಲಿನ ಟೀಚರ್ ಹೆಸರು ಬರೆದುಕೊಂಡಿರುತ್ತಾರೆ, ಕೂಸಿನ ಹೆಸರೂ ಅಲ್ಲೇ ಸೇರುತ್ತದೆ. ಐದಾರು ತಿಂಗಳಿಗೆ ತಾಯಿ ಗಂಡನ ಊರಿಗೆ ಬರುತ್ತಾಳೆ. ಇಲ್ಲಿಯ ಟೀಚರ್ ಹೆಸರು ಸೇರಿಸಲು ಹೋದರೆ ಆ್ಯಪ್ ಒಪ್ಪುವುದಿಲ್ಲ, ಅದೇ ಆಧಾರ್ ಇನ್ನೊಂದು ಕೇಂದ್ರದಲ್ಲಿದೆ ಎನ್ನುತ್ತದೆ. ಪಾಪ ಟೀಚರ್ "ನಿಮ್ಮ ಹೆಸರು ತಗೊಳ್ತಿಲ್ಲ ಕಣಮ್ಮ" ಎನ್ನುತ್ತಾರೆ, ಮನೆಯವರು ಬೇಕಂತಲೇ ಸತಾಯಿಸುತ್ತಿದ್ದಾರೆ ಅಂದುಕೊಳ್ಳುತ್ತಾರೆ. ಮಾಡಬೇಕಾದ್ದು ಒಂದೇ. ತವರೂರಿನ ಟೀಚರ್‌ಗೆ ಫೋನ್ ಮಾಡಿ ಹೆಸರನ್ನು ವರ್ಗಾಯಿಸಲು ಹೇಳಿ. ಆಗದಿದ್ದರೆ ಎರಡೂ ಕಡೆಯ ಮೇಲ್ವಿಚಾರಕಿಯರಿಗೆ ತಿಳಿಸಿ. ತಾಯಿ ತವರಿಂದ ಹೊರಡುವ ದಿನವೇ ಇದನ್ನು ಮುಗಿಸಿಕೊಂಡರೆ ಇನ್ನೂ ಒಳ್ಳೆಯದು.

ಒಟಿಪಿ. 2025ರ ಜುಲೈನಿಂದ ಮನೆಗೆ ಒಯ್ಯುವ ಆಹಾರಕ್ಕೆ ಮುಖ ಗುರುತಿಸುವ ಪದ್ಧತಿ ಬಂದಿದೆ. ಟೀಚರ್ ಫೋನಿನಲ್ಲಿ ತಾಯಿಯ ಮುಖ ತೋರಿಸಬೇಕು. ಅದಕ್ಕೂ ಮೊದಲು ಆಧಾರ್‌ಗೆ ಜೋಡಿಸಿದ ಮೊಬೈಲಿಗೆ ಒಟಿಪಿ, ಅಂದರೆ ಒಂದು ಸಲ ಬಳಸುವ ಗುಟ್ಟಿನ ಅಂಕಿ ಬರುತ್ತದೆ. ಆ ನಂಬರಿನ ಫೋನ್ ಬೆಂಗಳೂರಲ್ಲಿ ಗಾರೆ ಕೆಲಸಕ್ಕೆ ಹೋದ ಗಂಡನ ಜೇಬಲ್ಲಿರುತ್ತದೆ! ಅವನು ಮಧ್ಯಾಹ್ನ ಊಟಕ್ಕೆ ಇಳಿದು ಫೋನ್ ನೋಡುವಷ್ಟರಲ್ಲಿ ಒಟಿಪಿಯ ಅವಧಿ ಮುಗಿದಿರುತ್ತದೆ. ತಾಯಿಯ ಕೈಯಲ್ಲಿರುವ ನಂಬರನ್ನೇ ಆಧಾರ್‌ಗೆ ಹಾಕಿಸಿ. ಆಧಾರ್ ಕೇಂದ್ರದಲ್ಲಿ ಆಗುವ ಕೆಲಸ ಇದು.

ಮಗುವಿನ ಆಧಾರ್. ಇದ್ದರೆ ಒಳ್ಳೆಯದು. ಇಲ್ಲ ಎಂಬ ಕಾರಣಕ್ಕೆ ಮಗುವನ್ನು ವಾಪಸ್ ಕಳಿಸುವಂತಿಲ್ಲ. ತಾಯಿಯ ಆಧಾರ್ ಸಾಕು.

ಜನನ ಪ್ರಮಾಣಪತ್ರ. ಇದನ್ನು ಜನ ಹಗುರವಾಗಿ ತೆಗೆದುಕೊಳ್ಳುತ್ತಾರೆ. 2023ರ ಅಕ್ಟೋಬರ್ 1ರಿಂದ ಕಾನೂನು ಬದಲಾಗಿದೆ. ಅಂದಿನಿಂದ ಹುಟ್ಟಿದ ಮಕ್ಕಳಿಗೆ ಶಾಲೆ ಸೇರುವಾಗ ಹುಟ್ಟಿದ ದಿನಕ್ಕೆ ಆಧಾರವೆಂದರೆ ಜನನ ಪ್ರಮಾಣಪತ್ರವೇ. ಅಂಗನವಾಡಿಯಲ್ಲಿ ಹೇಗೋ ನಡೆಯುತ್ತದೆ, ಒಂದನೇ ತರಗತಿಯಲ್ಲಿ ನಡೆಯುವುದಿಲ್ಲ. ಹುಟ್ಟಿದ 21 ದಿನದೊಳಗೆ ನೋಂದಾಯಿಸಿದರೆ ಖರ್ಚಿಲ್ಲ. ವರ್ಷ ದಾಟಿದರೆ ಮ್ಯಾಜಿಸ್ಟ್ರೇಟ್ ಆದೇಶ ಬೇಕಾಗುತ್ತದೆ, ಓಡಾಟ ಜಾಸ್ತಿ. ಇನ್ನೊಂದು ಮಾತು. ಆಸ್ಪತ್ರೆಯಲ್ಲಿ ಕೊಟ್ಟ ಪತ್ರದಲ್ಲಿ ಮಗುವಿನ ಹೆಸರಿನ ಜಾಗ ಖಾಲಿ ಇರುವುದೇ ಹೆಚ್ಚು, ನಾಮಕರಣ ಆಗಿರುವುದಿಲ್ಲ ಅಲ್ವಾ. ಒಂದು ವರ್ಷದೊಳಗೆ ಹೆಸರು ಸೇರಿಸಿದರೆ ಶುಲ್ಕವಿಲ್ಲ. ಈಗಲೇ ಬೀರು ತೆಗೆದು ಆ ಪತ್ರ ನೋಡಿ.

ವಲಸೆ ಬಂದವರ ಮಕ್ಕಳು. ಕಬ್ಬು ಕಡಿಯುವವರು, ಕಾಫಿ ತೋಟಕ್ಕೆ ಬಂದವರು, ಇಟ್ಟಿಗೆ ಗೂಡಿನವರು. "ಇವರು ನಮ್ಮೂರವರಲ್ಲ" ಎಂದು ಹೊರಗಿಡುವ ಹಾಗಿಲ್ಲ. ಮಗು ಈಗ ಎಲ್ಲಿದೆಯೋ ಅಲ್ಲಿ ಊಟದ ಹಕ್ಕಿದೆ. 2013ರ ಆಹಾರ ಭದ್ರತಾ ಕಾಯ್ದೆ ಆರು ತಿಂಗಳಿಂದ ಆರು ವರ್ಷದ ಮಕ್ಕಳಿಗೆಲ್ಲ ಅಂಗನವಾಡಿಯ ಊಟ ಉಚಿತ ಎನ್ನುತ್ತದೆ. ನಿಮ್ಮ ಕೇಂದ್ರದಲ್ಲಿ ಮಕ್ಕಳು ಕಡಿಮೆ ಎಂದು ಕೊರಗುತ್ತಿದ್ದರೆ ಮೊದಲು ಊರಾಚೆಯ ಶೆಡ್ಡುಗಳ ಕಡೆ ಹೋಗಿ ಬನ್ನಿ.

ಹಂತ 3: ಹೆಸರಿದೆ, ಮಗು ಬರುತ್ತಿಲ್ಲ

ಬೆಳಿಗ್ಗೆ ಎಂಟೂವರೆಗೆ ಊರ ಬಾಗಿಲಿಗೆ ಖಾಸಗಿ ಶಾಲೆಯ ಹಳದಿ ವ್ಯಾನ್ ಬರುತ್ತದೆ. ಮೂರೂವರೆ ವರ್ಷದ್ದು ಟೈ ಕಟ್ಟಿಕೊಂಡು ಹತ್ತುತ್ತದೆ. ಅದನ್ನು ಬೈದು ಪ್ರಯೋಜನವಿಲ್ಲ. ಅಪ್ಪ ಅಮ್ಮನಿಗೆ ಎಬಿಸಿಡಿ ಬೇಕು. ಅಂಗನವಾಡಿಯಲ್ಲಿ "ಬರೀ ಊಟ ಹಾಕಿ ಮಲಗಿಸ್ತಾರೆ" ಎಂಬ ಮಾತು ಊರಲ್ಲಿ ಬೇರು ಬಿಟ್ಟಿದೆ.

ಮಾತಿನಲ್ಲಿ ಸ್ವಲ್ಪ ನಿಜವೂ ಇರಬಹುದು. ದಿನಕ್ಕೆ ಕನಿಷ್ಠ ಎರಡು ಗಂಟೆ ಕಲಿಕೆಗೆ ಮೀಸಲಿಡಬೇಕು ಎಂದು ಕೇಂದ್ರ ಸರ್ಕಾರ 2023ರ ಮೇ ತಿಂಗಳಲ್ಲಿ ಶುರು ಮಾಡಿದ 'ಪೋಷಣ್ ಭೀ ಪಢಾಯಿ ಭೀ' ಕಾರ್ಯಕ್ರಮ ಹೇಳುತ್ತದೆ. ಊಟದ ಜೊತೆ ಪಾಠವೂ ಎಂಬುದು ಹೆಸರಿನ ಅರ್ಥ. 3ರಿಂದ 6ರವರಿಗೆ 'ಆಧಾರಶಿಲಾ' ಎಂಬ ಪಠ್ಯಕ್ರಮ 2024ರಲ್ಲಿ ಬಂತು. ನಿಮ್ಮ ಕೇಂದ್ರದಲ್ಲಿ ಆ ಎರಡು ಗಂಟೆ ನಡೆಯುತ್ತಿದೆಯಾ? ನಡೆಯದಿದ್ದರೆ ಕಾರಣ ಏನು? ಬಹಳ ಕಡೆ ಕಾರಣ ಸಹಾಯಕಿ ಇಲ್ಲದಿರುವುದು. ಟೀಚರ್ ಕುಕ್ಕರ್ ಮುಂದೆ ನಿಂತಿದ್ದರೆ ಹಾಡು ಹೇಳಿಕೊಡುವವರು ಯಾರು?

2024ರಲ್ಲಿ ರಾಜ್ಯ ಸರ್ಕಾರ ಬೆಂಗಳೂರಿನ ಕೆಲವು ಅಂಗನವಾಡಿಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರು ಮಾಡಿತು. ಅದೇ ವರ್ಷ ಸರ್ಕಾರಿ ಶಾಲೆಗಳಲ್ಲೂ ಈ ತರಗತಿಗಳು ಬಂದಾಗ "ನಮ್ಮ ಮಕ್ಕಳನ್ನೇ ಎಳೆದುಕೊಳ್ಳುತ್ತಿದ್ದಾರೆ" ಎಂದು ಕಾರ್ಯಕರ್ತೆಯರು ಬೀದಿಗಿಳಿದರು. ಅವರ ಸಿಟ್ಟು ಸುಮ್ನೆ ಬಂದದ್ದಲ್ಲ. ಶಾಲೆ ಹತ್ತಿರವೇ ಇದ್ದರೆ ಎರಡಕ್ಕೂ ಅದೇ ಹತ್ತು ಮಕ್ಕಳು. ನಿಮ್ಮ ಊರಿನ ಶಾಲೆಯಲ್ಲಿ ಎಲ್‌ಕೆಜಿ ಇದೆಯಾ, ಯಾವ ವಯಸ್ಸಿನವರನ್ನು ಸೇರಿಸುತ್ತಾರೆ ಎಂದು ಮುಖ್ಯ ಶಿಕ್ಷಕರನ್ನೇ ಕೇಳಿ ತಿಳಿಯಿರಿ.

ಈಗ ಎಚ್ಚರಿಕೆಯ ಮಾತು. ಕೇಂದ್ರ ಉಳಿಸಿಕೊಳ್ಳಬೇಕೆಂದು ವ್ಯಾನ್ ಹತ್ತಿದ ಮಕ್ಕಳ ಹೆಸರನ್ನೂ ಪಟ್ಟಿಯಲ್ಲಿ ಇಟ್ಟುಕೊಳ್ಳುವುದುಂಟು. ದಿನಾ ಹಾಜರಿ ಹಾಕುವುದೂ ಉಂಟು. ಊರಿನವರೇ "ಇರಲಿ ಬಿಡಿ ಟೀಚರ್, ನಮ್ಮ ಹುಡುಗನ ಹೆಸರೂ ಇರಲಿ" ಎನ್ನುತ್ತಾರೆ. ದಯವಿಟ್ಟು ಮಾಡಬೇಡಿ. ಹಂತ 5ರಲ್ಲಿ ದುಡ್ಡಿನ ಲೆಕ್ಕ ಹೇಳುವಾಗ ಯಾಕೆಂದು ಗೊತ್ತಾಗುತ್ತದೆ.

ಹಂತ 4: ಖಾಲಿ ಹುದ್ದೆ

ಒಂದು ಪೂರ್ಣ ಕೇಂದ್ರಕ್ಕೆ ಒಬ್ಬ ಕಾರ್ಯಕರ್ತೆ, ಒಬ್ಬ ಸಹಾಯಕಿ. ಅಷ್ಟೇ. ಹತ್ತು ಮಕ್ಕಳಿರಲಿ, ಮೂವತ್ತಿರಲಿ, ಇಬ್ಬರೇ. ಅದರಲ್ಲಿ ಒಬ್ಬರು ಇಲ್ಲವೆಂದರೆ ಅರ್ಧ ಕೇಂದ್ರ ಇಲ್ಲ ಎಂದ ಹಾಗೆ. ಇರುವ ಒಬ್ಬರನ್ನೂ ಮತದಾರರ ಪಟ್ಟಿ, ಸಮೀಕ್ಷೆ ಎಂದು ಎಳೆದೊಯ್ಯುತ್ತಾರೆ.

ಟೀಚರ್ ಹುದ್ದೆ ಖಾಲಿಯಾದರೆ ಪಕ್ಕದೂರಿನ ಟೀಚರ್‌ಗೆ 'ಪ್ರಭಾರ' ಕೊಡುತ್ತಾರೆ, ಅಂದರೆ ಹೆಚ್ಚುವರಿ ಹೊಣೆ. ಅವರು ವಾರಕ್ಕೆ ಎರಡು ದಿನ ಬಂದು ರಿಜಿಸ್ಟರ್ ಬರೆದು ಹೋಗುತ್ತಾರೆ. ಕಡತದಲ್ಲಿ ಮಾತ್ರ ಕೇಂದ್ರ 'ನಡೆಯುತ್ತಿದೆ'. ಹಾಗಾಗಿ ಊರವರು ಬಾಯಿ ಬಿಡದಿದ್ದರೆ ಹುದ್ದೆ ತುಂಬುವ ತುರ್ತು ಯಾರಿಗೂ ಕಾಣುವುದಿಲ್ಲ.

ನೇಮಕಾತಿ ನಡೆಯುವುದು ಹೀಗೆ. ಖಾಲಿ ಹುದ್ದೆಗಳ ಪಟ್ಟಿ ಸಿಡಿಪಿಒ ಕಚೇರಿಯಿಂದ ಜಿಲ್ಲೆಗೆ ಹೋಗುತ್ತದೆ. ಅಲ್ಲಿಂದ ಅಧಿಸೂಚನೆ ಹೊರಡುತ್ತದೆ, ಅರ್ಜಿ ಆನ್‌ಲೈನ್‌ನಲ್ಲಿ. ಅಧಿಸೂಚನೆಯಲ್ಲಿ ಒಂದೊಂದು ಕೇಂದ್ರದ ಹೆಸರೂ ಬಿಡಿಬಿಡಿಯಾಗಿ ಇರುತ್ತದೆ. ನಿಮ್ಮ ಕೇಂದ್ರದ ಹೆಸರು ಅದರಲ್ಲಿ ಇದೆಯಾ ಎಂದು ನೋಡುವುದೇ ನಿಮ್ಮ ಮೊದಲ ಕೆಲಸ. ಇಲ್ಲದಿದ್ದರೆ ಅಂದೇ ಸಿಡಿಪಿಒಗೆ ಬರೆದು ಕೊಡಿ. ಮುಂದಿನ ಅಧಿಸೂಚನೆ ಯಾವಾಗಲೋ.

ಕೇಂದ್ರ ಸರ್ಕಾರದ ಮಾರ್ಗಸೂಚಿಯಂತೆ ಕಾರ್ಯಕರ್ತೆಗೆ ಪಿಯುಸಿ ಆಗಿರಬೇಕು, ಸಹಾಯಕಿಗೆ ಎಸ್‌ಎಸ್‌ಎಲ್‌ಸಿ. ವಯಸ್ಸು 18ರಿಂದ 35. ಸ್ಥಳೀಯ ಮಹಿಳೆಯಾಗಿರಬೇಕು. ಊರಿನ ಸೊಸೆಯರು ಎಡವುವುದು ಇಲ್ಲೇ. ಆಧಾರ್, ಪಡಿತರ ಚೀಟಿ, ಮತದಾರರ ಗುರುತು ಎಲ್ಲದರಲ್ಲೂ ತವರಿನ ವಿಳಾಸವೇ ಇರುತ್ತದೆ. ಅಧಿಸೂಚನೆ ಬಂದ ಮೇಲೆ ಬದಲಾಯಿಸಲು ಓಡಿದರೆ ತಡವಾಗುತ್ತದೆ. ಆಸೆ ಇರುವವರು ವರ್ಷ ಮುಂಚೆಯೇ ವಿಳಾಸ ಸರಿಮಾಡಿಕೊಳ್ಳಿ.

ಬಡ್ತಿ ನಿಯಮ ಬಹಳ ಜನಕ್ಕೆ ಗೊತ್ತಿಲ್ಲ. ಐದು ವರ್ಷ ಅನುಭವ ಮತ್ತು ಓದು ಇರುವ ಸಹಾಯಕಿಯರಿಗೆ ಕಾರ್ಯಕರ್ತೆಯರ ಖಾಲಿ ಹುದ್ದೆಗಳಲ್ಲಿ ಅರ್ಧ ಪಾಲು ಬಡ್ತಿಯಿಂದ ಸಿಗಬೇಕು. ಐದು ವರ್ಷ ಅನುಭವದ ಕಾರ್ಯಕರ್ತೆಯರಿಗೂ ಮೇಲ್ವಿಚಾರಕಿ ಹುದ್ದೆಗಳಲ್ಲಿ ಹೀಗೆಯೇ ಅರ್ಧ. ನಿಮ್ಮೂರ ಸಹಾಯಕಿ ಪಿಯುಸಿ ಮುಗಿಸಿದ್ದರೆ ಅವರಿಗೆ ಇದನ್ನು ಹೇಳಿ. ಆದರೆ ಅವರು ಟೀಚರ್ ಆದ ದಿನವೇ ಸಹಾಯಕಿ ಹುದ್ದೆ ಖಾಲಿಯಾಗುತ್ತದೆ. ಅದಕ್ಕೂ ಅದೇ ವಾರ ಮನವಿ ಹೋಗಲಿ.

ಎಚ್ಚರಿಕೆ ಎರಡು. "ಇಷ್ಟು ಕೊಟ್ಟರೆ ನಿಮ್ಮ ಹುಡುಗಿಗೆ ಮಾಡಿಸ್ತೀನಿ" ಎನ್ನುವವರು ಪ್ರತಿ ಅಧಿಸೂಚನೆಯ ಹಿಂದೆಯೇ ಬರುತ್ತಾರೆ. ದುಡ್ಡು ಹೋಗುತ್ತದೆ, ಕೆಲಸ ಬರುವುದಿಲ್ಲ. ಇನ್ನೊಂದು, ಊರವರೇ ಚಂದಾ ಎತ್ತಿ ಖಾಸಗಿಯಾಗಿ ಒಬ್ಬ ಆಯಾನನ್ನು ಇಟ್ಟುಕೊಳ್ಳುವುದು. ಒಂದೆರಡು ತಿಂಗಳಿಗೆ ಸರಿ. ವರ್ಷಗಟ್ಟಲೆ ನಡೆಸಿದರೆ ಕಚೇರಿಗೆ ಹುದ್ದೆ ತುಂಬುವ ಗರಜೇ ಇರುವುದಿಲ್ಲ. ಕೊನೆಗೆ ಹೊಸಬರ ನೇಮಕವಾದಾಗ "ಇಷ್ಟು ದಿನ ದುಡಿದವಳು ನಾನಲ್ವಾ" ಎಂದು ಊರಲ್ಲಿ ಜಗಳ. ಅವಳ ಮಾತಲ್ಲಿ ತಪ್ಪೇನೂ ಇರುವುದಿಲ್ಲ, ಅದೇ ಕಷ್ಟ.

ಹಂತ 5: ಹಣ

ಅಂಗನವಾಡಿಗೆ ಒಂದೇ ಜೇಬಿನಿಂದ ಹಣ ಬರುವುದಿಲ್ಲ. "ಹಣ ಬಂದಿಲ್ಲ" ಎಂದು ದೂರಿದರೆ ಕಚೇರಿಯವರು ಕೇಳುವ ಮೊದಲ ಪ್ರಶ್ನೆ "ಯಾವ ಹಣ?" ಅದಕ್ಕೆ ಉತ್ತರ ಇಟ್ಟುಕೊಂಡು ಹೋಗಿ.

ಗೌರವಧನ. ಇವರಿಗೆ ಕೊಡುವುದನ್ನು ಸಂಬಳ ಎನ್ನುವುದಿಲ್ಲ, ಗೌರವಧನ ಎನ್ನುತ್ತಾರೆ. 2018ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿಗದಿ ಮಾಡಿದ್ದು ಕಾರ್ಯಕರ್ತೆಗೆ ತಿಂಗಳಿಗೆ 4,500 ರೂಪಾಯಿ, ಸಹಾಯಕಿಗೆ 2,250. ಇದನ್ನು ಕೇಂದ್ರ ಮತ್ತು ರಾಜ್ಯ 60:40ರಂತೆ ಭರಿಸುತ್ತವೆ. ಅದರ ಮೇಲೆ ರಾಜ್ಯ ತನ್ನ ಪಾಲು ಸೇರಿಸುತ್ತದೆ. ಟೀಚರ್ ಕೈಗೆ ಬರುವುದು ಎರಡೂ ಸೇರಿ. ಈ ದುಡ್ಡಿಗೂ ಮಕ್ಕಳ ಸಂಖ್ಯೆಗೂ ಸಂಬಂಧವಿಲ್ಲ. ಮಕ್ಕಳು ಜಾಸ್ತಿಯಾದರೆ ಟೀಚರ್‌ಗೆ ಗೌರವಧನ ಹೆಚ್ಚುತ್ತದೆ ಎಂಬ ಊರ ಮಾತು ಸುಳ್ಳು.

ಆಹಾರದ ಹಣ. ಇದು ಮಾತ್ರ ತಲೆ ಎಣಿಸಿಯೇ. ಒಂದು ಮಗುವಿಗೆ ದಿನಕ್ಕೆ 8 ರೂಪಾಯಿ, ತೀವ್ರ ಅಪೌಷ್ಟಿಕ ಮಗುವಿಗೆ 12, ಬಸುರಿ ಬಾಣಂತಿಯರಿಗೆ 9 ರೂಪಾಯಿ 50 ಪೈಸೆ. ಕೇಂದ್ರ ಅರ್ಧ, ರಾಜ್ಯ ಅರ್ಧ. ವರ್ಷಕ್ಕೆ 300 ದಿನ. ಆ 8 ರೂಪಾಯಿಯ ಲೆಕ್ಕದಲ್ಲಿ 3ರಿಂದ 6 ವರ್ಷದ ಮಗುವಿಗೆ ಬೆಳಗಿನ ತಿಂಡಿ ಮತ್ತು ಬಿಸಿಯೂಟ ಆಗಬೇಕು. 2023ರವರೆಗಿನ ನಿಯಮದಂತೆ ಅದರಲ್ಲಿ 500 ಕ್ಯಾಲೊರಿ, 12ರಿಂದ 15 ಗ್ರಾಂ ಪ್ರೋಟೀನ್ ಇರಬೇಕಿತ್ತು. ಓದಿದ ಮೇಲೆ ನೀವೇ ಹೇಳಿ, ಯಾರ ಮನೆಯ ಅಡುಗೆಯಲ್ಲಿ ಇದು ಸಾಧ್ಯ? ನಮ್ಮ ರಾಜ್ಯದಲ್ಲಿ 2013ರಿಂದ ಕ್ಷೀರಭಾಗ್ಯದ ಹಾಲು ಬರುತ್ತಿರುವುದರಿಂದ ಸ್ವಲ್ಪ ಉಸಿರಾಡುವ ಹಾಗಿದೆ. ಬಸುರಿ ಬಾಣಂತಿಯರ ಊಟಕ್ಕೆ 2017ರ ಅಕ್ಟೋಬರ್‌ನಿಂದ ಮಾತೃಪೂರ್ಣ ಇದೆ.

ಈಗ ಆ ಕಳ್ಳ ಹೆಸರಿನ ಲೆಕ್ಕಕ್ಕೆ ಬನ್ನಿ. ನಿಜವಾಗಿ ಬರುವುದು 18 ಮಕ್ಕಳು. ತಿಂಗಳಿಗೆ 25 ದಿನ ಎಂದಿಟ್ಟುಕೊಂಡರೆ 18 × 8 × 25, ಅಂದರೆ 3,600 ರೂಪಾಯಿ. ವ್ಯಾನ್ ಹತ್ತಿದ ಎಂಟು ಹೆಸರು ಸೇರಿಸಿ 26 ಎಂದು ತೋರಿಸಿದರೆ 5,200. ಯಾರೂ ತಿನ್ನದ 1,600 ರೂಪಾಯಿಯ ಆಹಾರ ಪ್ರತಿ ತಿಂಗಳು ಟೀಚರ್ ಹೆಸರಿನಲ್ಲಿ ನಿಲ್ಲುತ್ತದೆ. ಅವರು ಒಂದು ಕಾಳೂ ಮನೆಗೆ ಒಯ್ಯದಿದ್ದರೂ ತಪಾಸಣೆ ಬಂದ ದಿನ ಉತ್ತರ ಹೇಳಬೇಕಾದವರು ಅವರೇ. "ಹೆಸರಿರಲಿ ಬಿಡಿ" ಎಂದ ನಾವು ಅವತ್ತು ಯಾರೂ ಪಕ್ಕದಲ್ಲಿ ನಿಲ್ಲುವುದಿಲ್ಲ.

ತೂಕದ ವಿಷಯವೂ ಇದಕ್ಕೇ ಸೇರಿದ್ದು. ತೀವ್ರ ಅಪೌಷ್ಟಿಕ ಎಂದು ದಾಖಲಾದರೆ ಮಾತ್ರ 12 ರೂಪಾಯಿಯ ಊಟ. ಪ್ರತಿ ತಿಂಗಳು ತೂಕ, ಎತ್ತರ ಅಳೆಯಬೇಕು. ಹೋದ ತಿಂಗಳ ಅಂಕಿಗೆ ನೂರು ಗ್ರಾಂ ಸೇರಿಸಿ ಬರೆದುಬಿಟ್ಟರೆ ಸೊರಗಿದ ಮಗು ಕಾಗದದಲ್ಲಿ ದಷ್ಟಪುಷ್ಟವಾಗಿ ಕಾಣುತ್ತದೆ. ನಿಮ್ಮ ಮಗುವಿನ ತೂಕದ ದಿನ ನೀವೇ ಹೋಗಿ ನಿಂತು ನೋಡಿ. ತಕ್ಕಡಿ ಕೆಟ್ಟಿದ್ದರೆ ಮೇಲ್ವಿಚಾರಕಿಗೆ ಹೇಳಿ.

ಸಣ್ಣ ಖರ್ಚು. ಆಟದ ಮತ್ತು ಕಲಿಕೆಯ ಸಾಮಗ್ರಿಗೆ ಒಂದು ಕೇಂದ್ರಕ್ಕೆ ವರ್ಷಕ್ಕೆ 5,000 ರೂಪಾಯಿ, ಔಷಧಿ ಕಿಟ್‌ಗೆ 1,500. ಬಹಳ ಸಲ ಹಣ ಬರುವುದಿಲ್ಲ, ವಸ್ತುವೇ ಬರುತ್ತದೆ. ಹಾಗಾಗಿ "ಹಣ ಎಲ್ಲಿ?" ಎನ್ನುವ ಬದಲು "ಕಿಟ್ ಬಂತಾ, ಯಾವಾಗ, ದಾಸ್ತಾನು ಪುಸ್ತಕ ತೋರಿಸಿ" ಎನ್ನಿ. ಅಕ್ಕಿ, ಬೇಳೆ, ಪುಷ್ಟಿ ಪುಡಿಗೂ (ಮಕ್ಕಳಿಗೆ ಕೊಡುವ ಪೌಷ್ಟಿಕ ಹಿಟ್ಟು) ಅದೇ ಪುಸ್ತಕ.

ತರಕಾರಿ, ಗ್ಯಾಸ್, ಮೊಟ್ಟೆಯಂಥ ಖರ್ಚಿಗೆ ಬಾಲ ವಿಕಾಸ ಸಮಿತಿಯ ಜಂಟಿ ಖಾತೆ ಬಳಸುವ ಕಡೆ ತೊಂದರೆ ಬರುವುದು ತಡವಾದಾಗ. ಟೀಚರ್ ಅಂಗಡಿಯಲ್ಲಿ ಸಾಲ ಬರೆಸುತ್ತಾರೆ. ಮೂರು ತಿಂಗಳಾದ ಮೇಲೆ ಅಂಗಡಿಯವನು ಮುಖ ತಿರುಗಿಸುತ್ತಾನೆ. ಇದಕ್ಕೆ ನನ್ನ ಸಲಹೆ ಇಷ್ಟೇ. ಪ್ರತಿ ಖರೀದಿಗೆ ಬಿಲ್ ಬರೆಸಿ, ಕೈಬರಹದ ಚೀಟಿಯಾದರೂ ಸರಿ, ದಿನಾಂಕ ಇರಲಿ. ತಿಂಗಳ ಕೊನೆಗೆ ಸಮಿತಿ ಸಭೆಯ ಪುಸ್ತಕದಲ್ಲಿ "ಇಷ್ಟು ಬಾಕಿ ಬರಬೇಕು" ಎಂದು ಬರೆದು ಸಹಿ ಹಾಕಿ. ಟೀಚರ್ ಒಬ್ಬರೇ ಕೇಳಿದರೆ ಅದು ಅವರ ಸ್ವಂತ ಗೋಳು ಆಗುತ್ತದೆ. ಸಮಿತಿ ಬರೆದರೆ ಕಡತ ಆಗುತ್ತದೆ.

ದಾನ. ಊರಿನ ದೊಡ್ಡವರು ಕೊಡಲು ಮುಂದೆ ಬಂದರೆ ವಸ್ತು ಕೊಡಿಸಿ, ನಗದು ಬೇಡ. ಕೊಟ್ಟ ದಿನವೇ ದಾಸ್ತಾನು ಪುಸ್ತಕಕ್ಕೆ ಸೇರಿಸಿ. ನಮ್ಮಲ್ಲಿ ಬಾಡಿಗೆ ಮನೆಯಲ್ಲಿದ್ದ ಕೇಂದ್ರಕ್ಕೆ ಫ್ಯಾನ್ ಕೊಡಿಸಿದ್ದೆವು, ಬರೆಸಿರಲಿಲ್ಲ. ಕೇಂದ್ರ ಬೇರೆ ಕಡೆ ಹೋಗುವಾಗ ಮನೆ ಮಾಲೀಕರು "ಫ್ಯಾನ್ ನಮ್ಮ ಮನೇದೇ" ಎಂದರು. ಇವತ್ತಿಗೂ ಅಲ್ಲೇ ತಿರುಗುತ್ತಿದೆ.

ಹಂತ 6: ಕಟ್ಟಡ

ಇದು ಪಂಚಾಯಿತಿಯ ಬಾಗಿಲು. 2022ರ ಮಾರ್ಗಸೂಚಿಯಲ್ಲಿ ನರೇಗಾ (ಉದ್ಯೋಗ ಖಾತರಿ ಯೋಜನೆ) ಜೊತೆ ಸೇರಿ ಕಟ್ಟುವ ಒಂದು ಅಂಗನವಾಡಿಗೆ 12 ಲಕ್ಷ ರೂಪಾಯಿ ಲೆಕ್ಕ ಹಾಕಿದ್ದರು. ಅದರಲ್ಲಿ 8 ಲಕ್ಷ ನರೇಗಾದಿಂದ, 2 ಲಕ್ಷ ಹಣಕಾಸು ಆಯೋಗದ ಅನುದಾನದಿಂದ, 2 ಲಕ್ಷ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದಿಂದ. ಶೌಚಾಲಯಕ್ಕೆ 36,000, ಕುಡಿಯುವ ನೀರಿಗೆ 17,000. ಮೊತ್ತ, ಯೋಜನೆ ಬದಲಾಗುತ್ತಿರುತ್ತವೆ, ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಬಳಿ ಕೇಳಿ. ಬದಲಾಗದ್ದು ಒಂದೇ. ನಿವೇಶನ ಇಲ್ಲದಿದ್ದರೆ ಏನೂ ಆಗುವುದಿಲ್ಲ. ಜಾಗದ ದಾಖಲೆ ಕೈಗೆ ಬಂದ ಮೇಲೆ ಗ್ರಾಮ ಸಭೆಯಲ್ಲಿ ಎದ್ದು ನಿಂತು, ಪಂಚಾಯಿತಿಯ ಕ್ರಿಯಾ ಯೋಜನೆಗೆ ಸೇರಿಸಿ ಎನ್ನಿ. ನಡಾವಳಿ ಪುಸ್ತಕದಲ್ಲಿ ಬರೆದಿದ್ದನ್ನು ಓದಿಸಿಕೊಂಡೇ ಮನೆಗೆ ಹೋಗಿ.

ಹಂತ 7: ಮನವಿ ಬರೆಯುವುದು

ಉದ್ದ ಬೇಡ. ಸಿಟ್ಟು ಬೇಡ. ಒಂದು ಹಾಳೆಗೆ ಒಂದೇ ವಿಷಯ. ಹೀಗೆ ಸಾಕು:

"ನಮ್ಮ ಗ್ರಾಮದ ಅಂಗನವಾಡಿ ಕೇಂದ್ರದಲ್ಲಿ (ಕೇಂದ್ರದ ಹೆಸರು, ಕೋಡ್ ಸಂಖ್ಯೆ) ಸಹಾಯಕಿ ಹುದ್ದೆ ಇಂಥ ದಿನದಿಂದ ಖಾಲಿ ಇದೆ. 3ರಿಂದ 6 ವರ್ಷದ 18 ಮಕ್ಕಳು ದಿನಾ ಬರುತ್ತಿದ್ದಾರೆ. ಕಾರ್ಯಕರ್ತೆಯೇ ಅಡುಗೆ ಮಾಡಬೇಕಾಗಿರುವುದರಿಂದ ಕಲಿಕೆ ನಿಂತಿದೆ. ಮುಂದಿನ ಅಧಿಸೂಚನೆಯಲ್ಲಿ ಈ ಹುದ್ದೆಯನ್ನು ಸೇರಿಸಬೇಕು, ಅಲ್ಲಿಯವರೆಗೆ ಬದಲಿ ವ್ಯವಸ್ಥೆ ಮಾಡಬೇಕು ಎಂದು ಕೋರುತ್ತೇವೆ."

ಕೆಳಗೆ ತಾಯಂದಿರ ಸಹಿ. ಮುಖಂಡರ ಹತ್ತು ಸಹಿಗಿಂತ ತಾಯಂದಿರ ಹತ್ತು ಸಹಿಗೆ ತೂಕ ಜಾಸ್ತಿ, ಇದು ನಾನು ಕಂಡಿದ್ದು. ಮನವಿಯಲ್ಲಿ ಟೀಚರ್ ಮೇಲೆ ದೂರು ಬೆರೆಸಬೇಡಿ. ಬೆರೆಸಿದರೆ ಕಚೇರಿ ದೂರಿನ ವಿಚಾರಣೆ ಹಿಡಿದುಕೊಳ್ಳುತ್ತದೆ, ಹುದ್ದೆಯ ವಿಷಯ ಪಕ್ಕಕ್ಕೆ ಸರಿಯುತ್ತದೆ.

ಸಿಡಿಪಿಒ ಕಚೇರಿಗೆ ಎರಡು ಪ್ರತಿ ಒಯ್ಯಿರಿ. ಒಂದನ್ನು ಕೊಟ್ಟು ಇನ್ನೊಂದರ ಮೇಲೆ ಸ್ವೀಕೃತಿಯ ಸೀಲು, ದಿನಾಂಕ, ಸಹಿ ಹಾಕಿಸಿ. "ಸೀಲು ಇವತ್ತಿಲ್ಲ, ಇಟ್ಟು ಹೋಗಿ" ಎಂದರೆ ನಗುತ್ತಾ ವಾಪಸ್ ತಂದು ಸ್ಪೀಡ್ ಪೋಸ್ಟ್ ಮಾಡಿ.

ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಅದೇ ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶುಲ್ಕ 10 ರೂಪಾಯಿ, ಬಿಪಿಎಲ್‌ನವರಿಗೆ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದದೊಳಗೆ ಇರಬೇಕು. "ಯಾಕೆ ತುಂಬಿಲ್ಲ?" ಎಂದು ಕೇಳಿದರೆ ಅದು ಮಾಹಿತಿ ಅಲ್ಲ ಎಂದು ವಾಪಸ್ ಕಳಿಸಬಹುದು. "ಇಂಥ ಕೇಂದ್ರದ ಖಾಲಿ ಹುದ್ದೆಯ ಬಗ್ಗೆ ನಿಮ್ಮ ಕಚೇರಿಯಿಂದ ಜಿಲ್ಲೆಗೆ ಕಳಿಸಿದ ಪತ್ರದ ಪ್ರತಿ ಕೊಡಿ" ಎಂದು ಕೇಳಿ. ಅಂಥ ಪತ್ರ ಹೋಗಿಯೇ ಇಲ್ಲದಿದ್ದರೆ, ಅರ್ಜಿ ಬಂದ ವಾರದಲ್ಲಿ ಹೋಗುವುದೂ ಉಂಟು. ಉತ್ತರಕ್ಕೆ 30 ದಿನ. ಬಾರದಿದ್ದರೆ ಮುಂದಿನ 30 ದಿನದೊಳಗೆ ಮೊದಲ ಮೇಲ್ಮನವಿ ಹಾಕಿ. ಆಗ ಆ ಸೀಲು ಬಿದ್ದ ಪ್ರತಿಯ ಜೆರಾಕ್ಸ್ ಜೊತೆಗಿರಲಿ, ಮೂಲ ಪ್ರತಿಯನ್ನು ಮಾತ್ರ ಯಾರಿಗೂ ಕೊಡಬೇಡಿ.